ಯುದ್ಧಾಪರಾಧಿಗಳ ವಿದೇಶಾಶ್ರಯ

ಯುದ್ಧಕಾಲದಲ್ಲಿ ಸಾಮೂಹಿಕ ಹತ್ಯೆ, ಚಿತ್ರಹಿಂಸೆ ಮೊದಲಾದ ಘೋರ ಕೃತ್ಯಗಳನ್ನು ಎಸಗಿದವರು ವಿಚಾರಣೆ ತಪ್ಪಿಸಿಕೊಳ್ಳಲು ಪರದೇಶಗಳಲ್ಲಿ ನೆಲೆಸುವುದು. ಎರಡನೆಯ ಮಹಾಯುದ್ಧದ ಬಳಿಕ ಅನೇಕ ನಾಜಿಗಳು ಇಟಲಿಯ ಬಂದರುಗಳ ಮೂಲಕ ದಕ್ಷಿಣ ಅಮೆರಿಕಕ್ಕೆ ಪಲಾಯನ ಮಾಡಿದರು.

ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನಡೆಸಿದ ಅಡಾಲ್ಫ್ ಐಕ್‌ಮನ್, ರಿಕಾರ್ಡೊ ಕ್ಲೆಮೆಂಟ್ ಎಂಬ ಸುಳ್ಳು ಹೆಸರಿನಲ್ಲಿ ರೆಡ್‌ಕ್ರಾಸ್ ಪ್ರಯಾಣಪತ್ರ ಪಡೆದು 1950ರಲ್ಲಿ ಅರ್ಜೆಂಟೀನ ಸೇರಿದ. 1960ರ ಮೇ 11ರ ಸಂಜೆ ಕೆಲಸ ಮುಗಿಸಿ ಬಸ್ಸಿಳಿದು ಮನೆಗೆ ನಡೆಯುತ್ತಿದ್ದವನನ್ನು ಇಸ್ರೇಲಿನ ಗೂಢಚಾರರು ಹಿಡಿದರು. ಜೆರುಸಲೇಮಿನಲ್ಲಿ ವಿಚಾರಣೆ ನಡೆದು, 1962ರಲ್ಲಿ ಗಲ್ಲಿಗೇರಿಸಲಾಯಿತು. ಬೊಲಿವಿಯದಲ್ಲಿ ಅಡಗಿದ್ದ ಇನ್ನೊಬ್ಬ ನಾಜಿ ಅಧಿಕಾರಿ ಕ್ಲಾಸ್ ಬಾರ್ಬಿಗೆ 1987ರಲ್ಲಿ ಫ್ರಾನ್ಸಿನಲ್ಲಿ ಶಿಕ್ಷೆಯಾಯಿತು. ಔಷ್‌ವಿಟ್ಸ್ ಶಿಬಿರದ ವೈದ್ಯ ಯೋಸೆಫ್ ಮೆಂಗೆಲೆ ಮಾತ್ರ 1979ರಲ್ಲಿ ಬ್ರೆಜಿಲ್‌ನಲ್ಲಿ ಸಾಯುವವರೆಗೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ.

ಮೇಲಧಿಕಾರಿಯ ಆಜ್ಞೆ ಪಾಲಿಸಿದೆನೆಂದ ಮಾತ್ರಕ್ಕೆ ಹೊಣೆ ತಪ್ಪದು ಎಂಬುದು ನ್ಯೂರೆಂಬರ್ಗ್ ತತ್ತ್ವಗಳಲ್ಲೊಂದು. ಇವನ್ನು 1950ರಲ್ಲಿ ರೂಪಿಸಿದ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ ಸದಸ್ಯರಲ್ಲಿ ಅವಿಭಜಿತ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ (1887–1953) ಒಬ್ಬರು. 1951ರ ನಿರಾಶ್ರಿತರ ಒಡಂಬಡಿಕೆ ಯುದ್ಧಾಪರಾಧಿಗಳಿಗೆ ನಿರಾಶ್ರಿತರ ರಕ್ಷಣೆಯನ್ನು ನಿರಾಕರಿಸುತ್ತದೆ. ಇಂಥ ಅಪರಾಧಗಳಿಗೆ ಕಾಲಮಿತಿ ಅನ್ವಯಿಸದೆಂಬ 1968ರ ಒಪ್ಪಂದವನ್ನು ಭಾರತವೂ ಅಂಗೀಕರಿಸಿದೆ. ಎಷ್ಟೇ ವರ್ಷ ಕಳೆದರೂ ಸಂತ್ರಸ್ತರಿಗೆ ನ್ಯಾಯ ಸಲ್ಲಲೇಬೇಕು ಎಂಬುದೇ ಇದರ ತಿರುಳು.