ರೇವಾ ಕಾರಿನ ಮೋಟಾರೂ ಆಯಸ್ಕಾಂತದ ಲೆಕ್ಕವೂ

ಗೋವಾದ ರಸ್ತೆಗಳಲ್ಲಿ ಈಗ ಕದಂಬ ಸಾರಿಗೆಯ ಎಲೆಕ್ಟ್ರಿಕ್ ಬಸ್ಸುಗಳು ಓಡುತ್ತಿವೆ. (ಕದಂಬರ ಹೆಸರು ಇಲ್ಲಿನ ಬಸ್ಸಿನ ಮೇಲಿರುವುದೇ ನಮಗೊಂದು ಖುಷಿ!) ಹೊಗೆಯಿಲ್ಲ, ಸದ್ದೂ ಕಡಿಮೆ. ಇಂಥ ಗಾಡಿಗಳ ಬ್ಯಾಟರಿ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಮೋಟಾರು ಯಾವ ಮಣ್ಣಿನಿಂದ ಬಂತು, ಆ ಮಣ್ಣು ಅಗೆದ ಊರು ಏನಾಯಿತು ಎಂದು ಕೇಳುವವರು ಕಡಿಮೆ. ಗೋವಾದಲ್ಲಿರುವ ನಾವಂತೂ ಕೇಳಲೇಬೇಕು. ಇಲ್ಲಿನ ಕಬ್ಬಿಣದ ಅದಿರು ಮುರಗಾಂವ್ ಬಂದರಿನಿಂದ ಜಪಾನಿಗೆ, ಚೀನಾಕ್ಕೆ ಹೋಯಿತು. ಅಗೆದು ಬಿಸಾಕಿದ ಮಣ್ಣಿನ ಗುಡ್ಡೆಗಳು ಡಿಚೋಲಿ, ಸಾಂಗೆ ಕಡೆ ಉಳಿದವು. 2012ರಲ್ಲಿ ಗಣಿಗಳು ನಿಂತ ಕಥೆ ನಿಮಗೆ ಗೊತ್ತೇ ಇದೆ.

ನಮ್ಮ ದೇಶದ ಎಲೆಕ್ಟ್ರಿಕ್ ಕಾರಿನ ಚರಿತ್ರೆಗೆ ಬೆಂಗಳೂರಿಗೆ ಹೋಗಬೇಕು. ಮೈನಿ ಕುಟುಂಬದವರು 1994ರಲ್ಲಿ ಅಮೆರಿಕದ ಅಮೆರಿಗಾನ್ ಕಂಪನಿಯೊಡನೆ ಸೇರಿ ಸಂಸ್ಥೆ ಕಟ್ಟಿದರು. 2001ರಲ್ಲಿ ಚೇತನ್ ಮೈನಿಯವರ ಪುಟ್ಟ ರೇವಾ ರಸ್ತೆಗಿಳಿಯಿತು. ಲಂಡನ್ನಿನಲ್ಲಿ ಅದು 'ಜಿ-ವಿಜ್' ಎಂದು ಹೆಸರಾಯಿತು. ಆಟಿಕೆ ಕಾರು ಎಂದು ನಕ್ಕವರೂ ಇದ್ದರು.

ಆ ಕಾರಿನ ಡಿಸಿ ಮೋಟಾರಿನಲ್ಲಿ ಶಾಶ್ವತ ಆಯಸ್ಕಾಂತ ಇರಲಿಲ್ಲ. ತಾಮ್ರದ ಸುರುಳಿಗೆ ಕರೆಂಟು ಕೊಟ್ಟು ಕಾಂತಶಕ್ತಿ ಹುಟ್ಟಿಸುತ್ತಿದ್ದರು. ಕಾರ್ಬನ್ ಬ್ರಷ್ ಸವೆಯುವುದೊಂದು ತೊಂದರೆ. ಮುಂದಿನ ಮಾದರಿಗಳಿಗೆ ತ್ರೀ ಫೇಸ್ ಇಂಡಕ್ಷನ್ ಮೋಟಾರು ಬಂತು. ಅಂದರೆ ನಮ್ಮ ರೈತರ ಪಂಪ್‌ಸೆಟ್ಟಿನ ಜಾತಿಯದೇ! ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ ವಿದ್ಯೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಬಿಟ್ಟರೆ ಒಳಗೆ ಹೆಚ್ಚೇನಿಲ್ಲ. ಸುಟ್ಟರೆ ರಿವೈಂಡಿಂಗ್ ಅಂಗಡಿ, ಕೆಟ್ಟರೆ ಗುಜರಿ.

ಹಾಗಾದರೆ ಆಯಸ್ಕಾಂತದ ಮೋಟಾರು ಯಾಕೆ ಗೆದ್ದಿತು? 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ನಿಯೋಡಿಮಿಯಂ ಆಯಸ್ಕಾಂತ ಕಂಡುಹಿಡಿದರು. ಇದರಿಂದ ಮೋಟಾರು ಚಿಕ್ಕದಾಯಿತು, ಬಿಸಿಯಾಗಿ ಪೋಲಾಗುವ ಕರೆಂಟು ಕಡಿಮೆಯಾಯಿತು, ಅದೇ ಬ್ಯಾಟರಿಯಲ್ಲಿ ಹೆಚ್ಚು ದೂರ ಹೋಗಬಹುದಾಯಿತು. ಇಂಡಕ್ಷನ್ ಮೋಟಾರಿನಿಂದ ಶುರುಮಾಡಿದ ಟೆಸ್ಲಾ ಕಂಪನಿಯೇ 2017ರ ಮಾಡೆಲ್ 3ರಲ್ಲಿ ಇದರ ಕಡೆ ವಾಲಿತು. ಇದನ್ನು ಮರೆತು ಹಳೆಯದೇ ಚೆನ್ನ ಎಂದರೆ ನ್ಯಾಯವಲ್ಲ. ಪೋಲಾಗುವ ಕರೆಂಟಿಗೂ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ.

ಆದರೆ ನಿಯೋಡಿಮಿಯಂ ತೆಗೆಯುವ ಚೀನಾದ ಬಾವೊಟೌ ನಗರದ ಹೊರಗೆ ಥೋರಿಯಂ ಬೆರೆತ ಕೆಸರಿನ ದೊಡ್ಡ ಕೆರೆಯೇ ನಿಂತಿದೆ. ನಮ್ಮ ಗುಡ್ಡೆಗಳ ಅಣ್ಣ ಅನ್ನಿ. ಮೋಟಾರು ಹಳತಾದ ಮೇಲೆ ರೋಟರಿನೊಳಗೆ ಕೂತ ಆಯಸ್ಕಾಂತ ಬಿಡಿಸುವುದೂ ಗುಜರಿಯವನಿಗೆ ಸುಲಭವಲ್ಲ. ಊರೊಳಗೆ ನಿಧಾನ ಓಡಾಡುವ ಗಾಡಿಗೆ ಇದು ಬೇಕೇ ಎಂಬುದು ನಮ್ಮ ಅನುಮಾನ.

ಈ ಲೋಹಗಳಿರುವ ಮೊನಜೈಟ್ ಮರಳು ತಿರುವಾಂಕೂರಿನ ಕಡಲತೀರದಲ್ಲಿದೆ ಎಂದು 1909ರಲ್ಲೇ ಗೊತ್ತಾಗಿತ್ತು. 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯೂ ಹುಟ್ಟಿತು. ಆದರೂ ಆಯಸ್ಕಾಂತಕ್ಕೆ ಚೀನಾವನ್ನೇ ನೆಚ್ಚಿಕೊಂಡೆವು. 2025ರ ಏಪ್ರಿಲಿನಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದಾಗ ಇಲ್ಲಿನ ಕೆಲವು ಸ್ಕೂಟರ್ ಕಂಪನಿಗಳ ಉತ್ಪಾದನೆ ಕುಂಟಿತು. ಅದೇ ವರ್ಷ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಅಪರೂಪದ ಲೋಹಗಳಿಲ್ಲದ ಫೆರೈಟ್ ಮೋಟಾರಿಗೆ ಸರ್ಕಾರಿ ಪ್ರಮಾಣಪತ್ರ ಪಡೆಯಿತು. ಅಷ್ಟರಲ್ಲಿ ರೇವಾ ರಸ್ತೆಗಿಳಿದು 24 ವರ್ಷವಾಗಿತ್ತು.