ಶಿಶುಪೋಷಣೆಯ ವೆಚ್ಚವೂ ಕುಟುಂಬವೂ: ಇಂಗ್ಲೆಂಡು, 1870–1945

ಮಕ್ಕಳನ್ನು ಸಾಕುವ ವೆಚ್ಚ ಹೆಚ್ಚಿತೆಂದರೆ ಧಾನ್ಯ, ಬಟ್ಟೆ, ಬಾಡಿಗೆಗಳ ಬೆಲೆ ಏರಿತೆಂದು ಅರ್ಥಮಾಡುವುದು ವಾಡಿಕೆ. ಇಂಗ್ಲೆಂಡಿನ ಇತಿಹಾಸವನ್ನು ಪರಿಶೀಲಿಸಿದರೆ ಈ ವಿವರಣೆ ಸಾಲದೆಂದು ತೋರುತ್ತದೆ. 19ನೆಯ ಶತಮಾನದ ಕೊನೆಯ ಇಪ್ಪತ್ತೈದು ವರ್ಷಗಳಲ್ಲಿ ಅಲ್ಲಿ ಗೋಧಿಯ ಬೆಲೆ ಇಳಿಯಿತು. ಆದರೂ ಮಗುವಿನ ವೆಚ್ಚ ಏರಿತು. ಅದುವರೆಗೆ ದುಡಿಯುವ ಕೈಯಾಗಿದ್ದ ಮಗು ಉಣ್ಣುವ ಬಾಯಿ ಮಾತ್ರವಾಗಿ ಉಳಿದುದೇ ಇದಕ್ಕೆ ಮುಖ್ಯ ಕಾರಣ. ಈ ಬದಲಾವಣೆಯ ಭಾರವನ್ನು ಯಾರು ಹೊತ್ತರೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ ಎಂಬ ಪದ್ಧತಿಗೆ 1844ರ ಕಾರ್ಖಾನೆ ಕಾಯಿದೆ ಒಪ್ಪಿಗೆಯಿತ್ತಿತ್ತು. 1870ರ ಶಿಕ್ಷಣ ಕಾಯಿದೆಯಿಂದ ಶಾಲಾ ಮಂಡಲಿಗಳು ಸ್ಥಾಪಿತವಾದುವು. 1880ರಲ್ಲಿ 5ರಿಂದ 10 ವರ್ಷದ ಮಕ್ಕಳ ಹಾಜರಿ ಕಡ್ಡಾಯವಾಯಿತು. ಶಾಲೆ ಬಿಡುವ ವಯಸ್ಸು 1893ರಲ್ಲಿ 11ಕ್ಕೆ, 1899ರಲ್ಲಿ 12ಕ್ಕೆ, 1918ರ ಕಾಯಿದೆಯಿಂದ 14ಕ್ಕೆ ಏರಿತು. 1891ರ ಕಾಯಿದೆ ಬರುವವರೆಗೆ ತಂದೆತಾಯಿಗಳು ವಾರವಾರವೂ ಪೆನ್ನಿಗಳ ಲೆಕ್ಕದಲ್ಲಿ ಶುಲ್ಕ ತೆರುತ್ತಿದ್ದರು. ಆದರೆ ಬಡ ಮನೆಗೆ ಶುಲ್ಕಕ್ಕಿಂತ ದೊಡ್ಡ ನಷ್ಟವೆಂದರೆ ಮಗುವಿನ ಕೂಲಿ ತಪ್ಪಿದುದು.

ಮಧ್ಯಮ ವರ್ಗದ ಸ್ಥಿತಿ ಬೇರೆ. ಜೆ. ಎ. ಬ್ಯಾಂಕ್ಸ್ ಅವರು 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಳುಕಾಳುಗಳ ಸಂಬಳ, ಗಂಡುಮಕ್ಕಳ ದುಬಾರಿ ಶಿಕ್ಷಣ, ಅಂತಸ್ತಿಗೆ ತಕ್ಕ ಜೀವನಮಟ್ಟ ಇವುಗಳ ಒತ್ತಡದಿಂದ ಈ ವರ್ಗ ಚಿಕ್ಕ ಕುಟುಂಬದತ್ತ ತಿರುಗಿತೆಂದು ಪ್ರತಿಪಾದಿಸಿದರು. 1877ರಲ್ಲಿ ಸಂತಾನನಿಯಂತ್ರಣದ ಕಿರುಹೊತ್ತಗೆಯೊಂದನ್ನು ಮರುಮುದ್ರಿಸಿದುದಕ್ಕಾಗಿ ಚಾರ್ಲ್ಸ್ ಬ್ರ್ಯಾಡ್ಲಾ ಮತ್ತು ಆನಿ ಬೆಸೆಂಟರ ಮೇಲೆ ನಡೆದ ಮೊಕದ್ದಮೆ ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿತು. 1860ರ ದಶಕದಲ್ಲಿ ವಿವಾಹವಾದ ಸ್ತ್ರೀಯರಿಗೆ ಸರಾಸರಿ ಸುಮಾರು 6 ಮಕ್ಕಳಾಗಿದ್ದರೆ, 1920ರ ದಶಕದಲ್ಲಿ ವಿವಾಹವಾದವರಿಗೆ 2ಕ್ಕಿಂತ ತುಸು ಹೆಚ್ಚು.

ಈ ಇಳಿತ ಎಲ್ಲೆಡೆ ಒಂದೇ ಬಗೆಯಾಗಿರಲಿಲ್ಲವೆಂಬುದನ್ನು ಗಮನಿಸಬೇಕು. 1911ರ ಜನಗಣತಿಯಲ್ಲಿ ಗಣಿಕೆಲಸಗಾರರ ಕುಟುಂಬಗಳು ದೊಡ್ಡವು, ನೂಲು-ನೇಯ್ಗೆಯವರ ಕುಟುಂಬಗಳು ಚಿಕ್ಕವು. ಗಣಿಯಲ್ಲಿ ಹುಡುಗರು ಬೇಗನೆ ಕೂಲಿ ಗಳಿಸುತ್ತಿದ್ದರು. ಗಿರಣಿ ಊರುಗಳಲ್ಲಿ ಹೆಂಡತಿಯೂ ದುಡಿಯುತ್ತಿದ್ದುದರಿಂದ ಪ್ರತಿಯೊಂದು ಹೆರಿಗೆಗೂ ಅವಳ ಕೂಲಿ ತಪ್ಪುತ್ತಿತ್ತು. ಆದ್ದರಿಂದ ತಾಯಿ ಕಳೆದುಕೊಂಡ ದುಡಿಮೆಯನ್ನೂ ಮಗುವಿನ ವೆಚ್ಚದಲ್ಲಿ ಎಣಿಸಬೇಕಾಗುತ್ತದೆ.

ಸೀಬೋಮ್ ರೌಂಟ್ರೀ ಅವರು 1899ರಲ್ಲಿ ಯಾರ್ಕ್ ನಗರವನ್ನು ಪರಿಶೀಲಿಸಿ, ಗಂಡ, ಹೆಂಡತಿ, ಮೂವರು ಮಕ್ಕಳು ಬದುಕಲು ವಾರಕ್ಕೆ ಕನಿಷ್ಠ 21 ಷಿಲಿಂಗು 8 ಪೆನ್ನಿ ಬೇಕೆಂದು ಲೆಕ್ಕ ಹಾಕಿದರು. ಕಡುಬಡತನದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಸ್ಥಿತಿಗೆ ಕಡಿಮೆ ಕೂಲಿ ಕಾರಣ. ಶೇಕಡಾ 22 ಮಂದಿಯ ಸ್ಥಿತಿಗೆ ನಾಲ್ಕಕ್ಕಿಂತ ಹೆಚ್ಚು ಮಕ್ಕಳಿದ್ದುದು ಕಾರಣ. ಕೂಲಿಕಾರನು ಬಾಲ್ಯದಲ್ಲಿ, ಮಕ್ಕಳು ಚಿಕ್ಕವರಾಗಿರುವಾಗ, ಮುಪ್ಪಿನಲ್ಲಿ, ಹೀಗೆ ಮೂರು ಸಲ ಬಡತನಕ್ಕೆ ಬೀಳುವನೆಂದು ಅವರು ತೋರಿಸಿದರು. ಕೂಲಿಯು ಕೆಲಸವನ್ನು ನೋಡಿ ಸಲ್ಲುತ್ತದೆಯೇ ಹೊರತು ಉಣ್ಣುವ ಬಾಯಿಗಳನ್ನು ನೋಡಿಯಲ್ಲ. ಈ ಕೊರತೆಯನ್ನು ಮನೆಯೊಳಗೆ ತುಂಬುತ್ತಿದ್ದವಳು ತಾಯಿ. ಲಂಡನ್ನಿನ ಲ್ಯಾಂಬೆತ್ ಭಾಗದ ಸಂಸಾರಗಳನ್ನು ಕುರಿತು ಮಾಡ್ ಪೆಂಬರ್ ರೀವ್ಸ್ ಅವರು 1913ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ದುಡಿಯುವ ಗಂಡನಿಗೆ ಒಳ್ಳೆಯ ಊಟ ಬಡಿಸಿ, ತಾನು ಅಲ್ಪದಲ್ಲಿ ತೃಪ್ತಳಾಗುವ ಗೃಹಿಣಿಯ ಚಿತ್ರವಿದೆ.

ಈ ಅನ್ಯಾಯವನ್ನು ಸಾರ್ವಜನಿಕ ಪ್ರಶ್ನೆಯಾಗಿ ಮಾಡಿದವರಲ್ಲಿ ಎಲಿನರ್ ರಾತ್‌ಬೋನ್ ಪ್ರಮುಖರು. 1924ರ ತಮ್ಮ ಗ್ರಂಥದಲ್ಲಿ ಅವರು, ಮಕ್ಕಳ ಪೋಷಣೆಗೆ ಸಮಾಜವೇ ನೇರವಾಗಿ ಹಣ ಕೊಡಬೇಕೆಂದು ವಾದಿಸಿದರು. 1945ರ ಕುಟುಂಬ ಭತ್ಯ ಕಾಯಿದೆ ಮೊದಲ ಮಗುವನ್ನು ಬಿಟ್ಟು ಉಳಿದ ಪ್ರತಿ ಮಗುವಿಗೂ ವಾರಕ್ಕೆ 5 ಷಿಲಿಂಗು ಗೊತ್ತುಮಾಡಿತು. ಬೆವರಿಜ್ ವರದಿ ಸೂಚಿಸಿದ್ದುದು 8 ಷಿಲಿಂಗು. ಮಸೂದೆಯ ಮೊದಲ ಕರಡಿನಲ್ಲಿ ಹಣ ತಂದೆಗೆ ಸಲ್ಲಬೇಕೆಂದಿತ್ತು. ರಾತ್‌ಬೋನರ ಮತ್ತು ಮಹಿಳಾ ಸಂಘಗಳ ವಿರೋಧದಿಂದ ಅದು ತಾಯಿಯ ಕೈಗೆ ಸೇರುವಂತಾಯಿತು. 1946ರ ಆಗಸ್ಟಿನಲ್ಲಿ ಮೊದಲ ಹಣ ಪಾವತಿಯಾಗುವ ವೇಳೆಗೆ ರಾತ್‌ಬೋನ್ ಬದುಕಿರಲಿಲ್ಲ.

ಮಗುವನ್ನು ಶಾಲೆಗೆ ಕಳುಹಿಸಲು ಸರ್ಕಾರ ವಿಧಿಸಿದುದಕ್ಕೂ, ಅದನ್ನು ಸಾಕುವ ವೆಚ್ಚದಲ್ಲಿ ಪಾಲು ಹೊತ್ತುದಕ್ಕೂ ನಡುವೆ ಆರು ದಶಕಗಳಿಗೂ ಮೀರಿದ ಅಂತರವಿದೆ. ಆ ಅವಧಿಯ ಸಾಲವನ್ನು ಬಡ ಕುಟುಂಬಗಳು ತಾಯಂದಿರ ಹಸಿವಿನಿಂದಲೂ ಹುಟ್ಟದ ಮಕ್ಕಳಿಂದಲೂ ತೀರಿಸಿದುವು. ಆದಕಾರಣ ಕಡ್ಡಾಯ ಶಿಕ್ಷಣದ ಇತಿಹಾಸವನ್ನು, ಅದು ನಮ್ಮ ನಾಡಿನದೇ ಆಗಲಿ, ಬರೆಯುವವರು ಶಾಲೆಗಳ ಸಂಖ್ಯೆಯೊಡನೆ ಮನೆಯ ಜಮಾಖರ್ಚನ್ನೂ ತೆರೆದು ನೋಡುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.