ಸಿಟ್ಟಿನ ಮೇಲೆ ಅಂಚೆಯ ಮುದ್ರೆ

ಕೋಪ ತಡೆಯಲಾರದೆ ಹಾರಾಡುವವನನ್ನು ಕಂಡು ನಾವು ‘ಕೆಂಡಾಮಂಡಲವಾದ’ ಎನ್ನುತ್ತೇವೆ. ಅಮೆರಿಕದ ಆಡುಮಾತಿನಲ್ಲಿ ಇದಕ್ಕೆ ‘ಗೋಯಿಂಗ್ ಪೋಸ್ಟಲ್’ ಎಂಬ ಪ್ರಯೋಗವಿದೆ. ಮಾತಿಗೆ ಮಾತು ಕನ್ನಡಿಸಿದರೆ ‘ಅಂಚೆಯವನಾಗಿಬಿಡುವುದು’! ಟಪಾಲು ಬಟವಾಡೆಗೂ ಕಡುಕೋಪಕ್ಕೂ ಎತ್ತಣ ಸಂಬಂಧ?

1986ರ ಆಗಸ್ಟ್ 20ರಂದು ಒಕ್ಲಹೋಮಾ ರಾಜ್ಯದ ಎಡ್ಮಂಡ್ ಅಂಚೆ ಕಚೇರಿಯಲ್ಲಿ ಅಲ್ಲಿಯದೇ ಅರೆಕಾಲಿಕ ಪೋಸ್ಟ್‌ಮನ್ ಒಬ್ಬ 14 ಮಂದಿ ಸಹೋದ್ಯೋಗಿಗಳನ್ನು ಗುಂಡಿಟ್ಟು ಕೊಂದು, ತಾನೂ ಗುಂಡು ಹಾರಿಸಿಕೊಂಡು ಸತ್ತ. 1991ರಲ್ಲಿ ನ್ಯೂಜೆರ್ಸಿ ಮತ್ತು ಮಿಷಿಗನ್‌ಗಳಲ್ಲಿ ಕೆಲಸದಿಂದ ವಜಾಗೊಂಡಿದ್ದ ಅಂಚೆ ನೌಕರರು ಇಂಥದೇ ಕೃತ್ಯವೆಸಗಿದರು. 1993ರ ಮೇ 6ರಂದು ಮಿಷಿಗನ್ ಹಾಗೂ ಕ್ಯಾಲಿಫೋರ್ನಿಯಾದ ಎರಡು ಅಂಚೆ ಕಚೇರಿಗಳಲ್ಲಿ ಒಂದೇ ದಿನ ಗುಂಡಿನ ಸದ್ದು ಕೇಳಿತು.

ಅದೇ ವರ್ಷದ ಡಿಸೆಂಬರ್ 17ರಂದು ಫ್ಲಾರಿಡಾದ ‘ಸೇಂಟ್ ಪೀಟರ್ಸ್‌ಬರ್ಗ್ ಟೈಮ್ಸ್’ ಪತ್ರಿಕೆ, ಕೆಲವು ವಲಯಗಳಲ್ಲಿ ಅತಿಯಾದ ಮಾನಸಿಕ ಒತ್ತಡಕ್ಕೆ ಈ ಹೆಸರು ಬಿದ್ದಿದೆ ಎಂದು ಬರೆಯಿತು. ಈ ನುಡಿಗಟ್ಟು ಅಚ್ಚಾದ, ಈವರೆಗೆ ತಿಳಿದಿರುವ ಮೊದಲ ಪ್ರಸಂಗ ಇದೇ. 1995ರ ‘ಕ್ಲೂಲೆಸ್’ ಚಿತ್ರದ ಸಂಭಾಷಣೆಯಲ್ಲಿ ಅದು ಕಾಣಿಸಿಕೊಂಡಿತು. 1997ರಲ್ಲಿ ‘ಪೋಸ್ಟಲ್’ ಎಂಬ ಕಂಪ್ಯೂಟರ್ ಆಟವೇ ಬಂತು. ಬರಬರುತ್ತ ಕೊಲೆಯ ನೆನಪು ಮಸುಕಾಗಿ, ಕ್ಷುಲ್ಲಕ ಕಾರಣಕ್ಕೆ ರೇಗಾಡುವುದನ್ನೂ ಜನ ಹೀಗೆಯೇ ಕರೆಯತೊಡಗಿದರು.

ಆದರೆ ಅಂಚೆ ನೌಕರರು ನಿಜಕ್ಕೂ ಅಷ್ಟು ಅಪಾಯಕಾರಿಗಳೇ? ಇದನ್ನು ಪರಿಶೀಲಿಸಲು ಅಂಚೆ ಇಲಾಖೆ ಮಾಜಿ ಸಚಿವ ಜೋಸೆಫ್ ಕ್ಯಾಲಿಫಾನೊ ನೇತೃತ್ವದಲ್ಲಿ ಆಯೋಗವೊಂದನ್ನು ನೇಮಿಸಿತು. 2000ದಲ್ಲಿ ಬಂದ ಅದರ ವರದಿಯ ತೀರ್ಮಾನ ಸ್ಪಷ್ಟವಾಗಿತ್ತು: ಸಹೋದ್ಯೋಗಿಗಳ ಮೇಲೆ ಕೈ ಮಾಡುವುದರಲ್ಲಿ ಅಂಚೆಯವರು ಬೇರೆ ನೌಕರರಿಗಿಂತ ಮುಂದಿಲ್ಲ. ಕೆಲಸದ ವೇಳೆ ಕೊಲೆಗೀಡಾಗುವ ಸಂಭವ ಅಂಚೆಯವರಿಗಿಂತ ಚಿಲ್ಲರೆ ಅಂಗಡಿಗಳ ನೌಕರರಿಗೆ ಎಂಟು ಪಟ್ಟು ಹೆಚ್ಚು.

ಹಾಗಿದ್ದೂ ‘ಅಂಗಡಿಯವನಾಗುವುದು’ ಎಂಬ ಮಾತು ಹುಟ್ಟಲಿಲ್ಲ. ಅಂಗಡಿಗಳು ಸಾವಿರ ಹೆಸರಿನವು. ಅಲ್ಲಿನ ಕೊಲೆ ಆಯಾ ಊರಿನ ಸುದ್ದಿಯಾಗಿ ಮುಗಿಯುತ್ತದೆ. ಅಂಚೆಗೆ ದೇಶಕ್ಕೆಲ್ಲ ಒಂದೇ ಹೆಸರು, ಒಂದೇ ಸಮವಸ್ತ್ರ. ಎಲ್ಲೋ ನಡೆದ ಹತ್ಯೆಯ ಕಳಂಕ ಸುಮಾರು ಎಂಟು ಲಕ್ಷ ನೌಕರರಿಗೂ ಮೆತ್ತಿಕೊಂಡಿತು. ಸಹೋದ್ಯೋಗಿಗಳಿಂದ ತಮಗೆ ಅಪಾಯವಿದೆ ಎಂಬ ಭಯ ಬೇರೆ ನೌಕರರಿಗಿಂತ ಅಂಚೆಯವರಲ್ಲೇ ಬಹಳ ಹೆಚ್ಚಾಗಿರುವುದನ್ನೂ ಆಯೋಗ ಕಂಡಿತು. ಹೊರಗಿನವರ ಹಾಸ್ಯದ ಮಾತನ್ನು ಒಳಗಿನವರೂ ನಂಬಿಬಿಟ್ಟಿದ್ದರು.

ವರದಿ ಕಡತ ಸೇರಿತು. ಮಾತು ಮಾತ್ರ ನಿಘಂಟು ಸೇರಿತು.